ಹೊರಗಡೆ ಕೆಲಸಕ್ಕೆ ಚೂರಿ ಬೇಕಾ? ಮೊದಲು ಹಿಡಿ ನೋಡಿ

ಕುಂತಿಬೆಟ್ಟದ ಹತ್ತಿರ ಸ್ನೇಹಿತನ ತೋಟದಲ್ಲಿ ಒಂದು ರಾತ್ರಿ ಟೆಂಟ್ ಹಾಕಿದ್ದೆವು. ಒಲೆಗೆ ಒಣಗಿದ ಜಾಲಿ ಕೊಂಬೆ ಸೀಳಬೇಕಿತ್ತು. ನಾನು ಜಂಬದಿಂದ ಹೊಸ ಚೂರಿ ತೆಗೆದೆ. ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಮುಚ್ಚಳ ತಿರುಗಿಸಿದರೆ ಒಳಗೆ ಬೆಂಕಿಕಡ್ಡಿ, ಮೀನಿನ ಗಾಳ, ಸೂಜಿ ದಾರ, ಎಲ್ಲಾ ಇತ್ತು. ಎರಡನೇ ಏಟಿಗೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ಅಲಗು ಹಾರಿ ಸ್ನೇಹಿತನ ಚಪ್ಪಲಿ ಪಕ್ಕದಲ್ಲೇ ಬಿತ್ತು. ಅವನ ತಾತ ಏನೂ ಹೇಳಲಿಲ್ಲ, ಒಳಗೆ ಹೋಗಿ ಕಬ್ಬು ಕಡಿಯುವ ಮಚ್ಚು ತಂದುಕೊಟ್ಟರು.

ಬೆಳಿಗ್ಗೆ ನೋಡಿದರೆ ಕಾರಣ ಗೊತ್ತಾಯಿತು. ಹಿಡಿ ಪೊಳ್ಳು. ಅಲಗಿನ ಕಬ್ಬಿಣ ಹಿಡಿಯೊಳಗೆ ಬೆರಳಿನ ಒಂದು ಗೆಣ್ಣಿನಷ್ಟೂ ಹೋಗಿರಲಿಲ್ಲ. ಸೂಜಿ ದಾರ ಇಡೋದಕ್ಕೆ ಜಾಗ ಬೇಕಲ್ವಾ, ಅದಕ್ಕೆ!

ಹಾಗಾಗಿ ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಅಲಗಲ್ಲ, ಹಿಡಿ. ಅಲಗಿನ ಪಟ್ಟಿಯೇ ಹಿಡಿಯ ಕೊನೆವರೆಗೂ ಬಂದಿರಬೇಕು. ಹಿಡಿಯನ್ನು ಮೇಲಿಂದ ನೋಡಿದರೆ ಎರಡು ಮರದ ಹಲಗೆಗಳ ನಡುವೆ ಕಬ್ಬಿಣದ ಗೆರೆ ಉದ್ದಕ್ಕೂ ಕಾಣುತ್ತದೆ. ರಬ್ಬರ್ ಹಿಡಿಯಾದರೆ ಕಾಣೋದಿಲ್ಲ, ಆಗ ಹಿಂದಿನ ತುದಿಯಲ್ಲಿ ಲೋಹ ಇಣುಕುತ್ತಿದೆಯಾ ನೋಡಿ. ಮಡಚುವ ಚೂರಿ ಹಣ್ಣು ಹೆಚ್ಚೋದಕ್ಕೆ ಸರಿ, ಸೌದೆ ಸೀಳೋದಕ್ಕೆ ಬೇಡ. ಪಟ್ಟಿ ಕೊನೆವರೆಗೂ ಇರಬೇಕು ಅನ್ನೋದಕ್ಕೆ ಒಂದು ಅಪವಾದ ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಚೂರಿ. ಅದರ ಪಟ್ಟಿ ಕೊನೆವರೆಗೂ ಬರುವುದಿಲ್ಲ, ಆದರೂ ಸಣ್ಣಪುಟ್ಟ ಕೆಲಸಕ್ಕೆ ತುಂಬಾ ಜನ ಅದನ್ನೇ ಇಷ್ಟಪಡುತ್ತಾರೆ. ನನಗೂ ಇಷ್ಟವೇ, ಆದರೆ ಅದರ ಮೇಲೆ ಜೋರಾಗಿ ಬಡಿಯೋದಿಲ್ಲ.

ಉದ್ದ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೊರಗೆ ಹೋದಾಗ ನಾವು ಮಾಡೋದೇನು? ಹಗ್ಗ ಕತ್ತರಿಸುತ್ತೇವೆ, ಈರುಳ್ಳಿ ಹೆಚ್ಚುತ್ತೇವೆ, ಕಡ್ಡಿ ಚೂಪು ಮಾಡುತ್ತೇವೆ, ಬೆಂಕಿಗೆ ಅಂತ ಕಟ್ಟಿಗೆಯನ್ನು ತೆಳ್ಳಗೆ ಹೆರೆಯುತ್ತೇವೆ. ಇದಕ್ಕೆಲ್ಲ 4ರಿಂದ 5 ಇಂಚು ಸಾಕು. ದಪ್ಪ 3ರಿಂದ 4 ಮಿಲಿಮೀಟರ್. ಕೈಮಣಿಕಟ್ಟಿನಷ್ಟು ದಪ್ಪದ ಕೊಂಬೆ ಸೀಳಬೇಕಾದರೆ ಅಲಗನ್ನು ಅದರ ತಲೆಯ ಮೇಲಿಟ್ಟು, ಬೆನ್ನಿಗೆ ಇನ್ನೊಂದು ಕೋಲಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ತಾನಾಗೇ ಇಳಿಯುತ್ತದೆ. ಅದಕ್ಕಿಂತ ದಪ್ಪ ಇದ್ದರೆ ಮಚ್ಚು ತಗೊಳ್ಳಿ, ಸುಮ್ನೆ ಚೂರಿಗೆ ಹಿಂಸೆ ಕೊಡಬೇಡಿ.

ಬೆನ್ನ ಮೇಲಿನ ಹಲ್ಲು ಶೋಕಿಗೆ ಅಷ್ಟೆ. ನಿಜವಾದ ಗರಗಸದ ಹಲ್ಲು ಎಡಕ್ಕೊಂದು ಬಲಕ್ಕೊಂದು ಬಾಗಿರುತ್ತದೆ, ಇದರದ್ದು ನೇರ, ಹಾಗಾಗಿ ಮರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಟ್ಟುವ ಕೋಲನ್ನೂ ಅಗಿದು ಹಾಕುತ್ತದೆ. ಬೆನ್ನು ಚಪ್ಪಟೆಯಾಗಿ, ಅಂಚು ಮೊನಚಾಗಿದ್ದರೆ ಫೆರೋ ರಾಡ್ (ಬೆಂಕಿ ಹಚ್ಚಲು ಬಳಸುವ ಲೋಹದ ಕಡ್ಡಿ) ಗೀರಿ ಕಿಡಿ ಹಾರಿಸಬಹುದು.

ಇನ್ನು ಸ್ಟೀಲು. ಕಾರ್ಬನ್ ಸ್ಟೀಲ್ ಸಾಣೆ ಹಿಡಿದರೆ ಬೇಗ ಚೂಪಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ಮಾವಿನಕಾಯಿ, ನಿಂಬೆಹಣ್ಣು ಹೆಚ್ಚಿ ಒರೆಸದೆ ಇಟ್ಟರೆ ಕಪ್ಪು ಕಲೆ ಗ್ಯಾರಂಟಿ. ತೊಳೆದು, ಒಣಗಿಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಇದ್ದರೆ ಮಾತ್ರ ಅದನ್ನು ಕೊಳ್ಳಿ. ಇಲ್ಲದಿದ್ದರೆ ಸ್ಟೇನ್‌ಲೆಸ್ ಸಾಕು. ಅಲಗಿನ ಮೇಲೆ ಬರೀ 440 (ಸ್ಟೇನ್‌ಲೆಸ್‌ನ ಒಂದು ಬಗೆಯ ಸಂಖ್ಯೆ) ಅಂತ ಇದ್ದರೆ ಯಾವ 440 ಅಂತ ಕೇಳಿ, 440ಎಗೂ 440ಸಿಗೂ ತುಂಬಾ ವ್ಯತ್ಯಾಸ ಇದೆ. ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಿ.

ಅಂಗಡಿಯದ್ದೇ ಆಗಬೇಕು ಅಂತೇನಿಲ್ಲ. ಮಂಡ್ಯ ಕಡೆ ಕುಲುಮೆ ಇನ್ನೂ ಇವೆ, ಮಚ್ಚು ಕುಡ್ಲು ಮಾಡುವ ಆಚಾರ್ರಿಗೆ ಲಾರಿಯ ಹಳೇ ಕಮಾನ್ ಪಟ್ಟಿಯ ತುಂಡು ಕೊಟ್ಟರೆ ಚೂರಿ ಮಾಡಿಕೊಡುತ್ತಾರೆ. ನಾನು ಈಗ ಬಳಸೋದು ಅಂಥದ್ದೇ. ರಟ್ಟಿನ ಮೇಲೆ ಅಳತೆಗೆ ಸರಿಯಾಗಿ ಚಿತ್ರ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಕೈಯಲ್ಲಿ ಪುಟ್ಟ ಮಚ್ಚೇ ಬರುತ್ತದೆ (ನನಗೆ ಮೊದಲ ಸಲ ಹಾಗೇ ಆಯಿತು). ಮುಖ್ಯವಾದದ್ದು ಹದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಅಲಗು ಗಾಜಿನ ಹಾಗೆ ಬಿರುಸಾಗಿರುತ್ತದೆ. ಅದನ್ನು ಉಜ್ಜಿ ಹೊಳೆಯುವಂತೆ ಮಾಡಿ, ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಸಣ್ಣಗೆ ಕಾಯಿಸಬೇಕು. ಆಮೇಲೆ ಬಾಯಿಗೆ ಅರ ಹಾಕಿ ನೋಡಿ. ಮೆತ್ತಗೆ ಕೊರೆದುಕೊಂಡು ಹೋದರೆ ಹದ ಬಂದಿಲ್ಲ, ಬಾಯಿ ಬೇಗ ಮಡಚಿಕೊಳ್ಳುತ್ತದೆ. ಅರ ಪೂರ್ತಿ ಜಾರಿದರೆ ಗಡುಸು ಜಾಸ್ತಿ, ಚಕ್ಕೆ ಏಳುತ್ತದೆ. ಕಷ್ಟಪಟ್ಟು ಒಂಚೂರು ಕಚ್ಚಬೇಕು.

ಒರೆಯನ್ನು ಮರೆಯಬೇಡಿ. ಚೂರಿ ಹಾಕಿ ತಲೆಕೆಳಗೆ ಮಾಡಿ ಕೊಡವಿ, ಬಿದ್ದರೆ ಬೇಡ. ಹಿಡಿಯನ್ನು ಒದ್ದೆ ಕೈಯಲ್ಲೂ ಹಿಡಿದು ನೋಡಿ, ಬೆರಳು ಅಲಗಿನ ಕಡೆ ಜಾರದಂತೆ ಮುಂದೆ ಒಂದು ಉಬ್ಬು ಇರಬೇಕು.

ಕಾನೂನೂ ಗೊತ್ತಿರಲಿ. ಮನೆ, ಬೇಸಾಯದ ಸಾಮಾನು ಬಿಟ್ಟು, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ನಾಗರಹೊಳೆ, ಬಂಡೀಪುರ ಅಂದರೆ ಎಲ್ಲರಿಗೂ ಗೊತ್ತು, ಆದರೆ ಮೇಲುಕೋಟೆ ಸುತ್ತಲಿನ ಕಾಡೂ ತೋಳಗಳ ಅಭಯಾರಣ್ಯವೇ. ಅಲ್ಲಿಗೆ ಹೋಗುವ ದಿನ ಚೂರಿ ಮನೆಯಲ್ಲೇ ಇರಲಿ. ಬೇರೆ ಕಡೆ ಹೋಗುವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಹತ್ತಬೇಡಿ, ಒರೆ ಸಮೇತ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿ.