ಪರ್ಷಿಯದ ಹಳೆಯ ಹಸಿಬೆ ಚೀಲವನ್ನು ಗೋಡೆಗೆ ತೂಗುಹಾಕುವುದು ಹೇಗೆ?

ಇರಾನಿನ ವಾಯವ್ಯದ ಶಾಹ್‌ಸೆವನ್ ಕುರಿಗಾಹಿಗಳು ಚಳಿಗಾಲಕ್ಕೆ ಮುಘಾನ್ ಬಯಲಿಗೆ ಇಳಿದು, ಬೇಸಿಗೆಗೆ ಸಬಲಾನ್ ಬೆಟ್ಟ ಏರುತ್ತಿದ್ದರು. ಸಾಮಾನು ಹೇರಲು ಅವರ ಹೆಂಗಸರು ನೆಯ್ದದ್ದು ಖೋರ್ಜಿನ್, ನಮ್ಮ ಹಸಿಬೆ ಚೀಲದಂಥದ್ದು. ಬೆನ್ನಿನ ಕಡೆ ಸಾದಾ ನೇಯ್ಗೆ, ಮುಖಕ್ಕೆ ಮಾತ್ರ ಸುಮಾಕ್: ಬಣ್ಣದ ನೂಲನ್ನು ನಾಲ್ಕು ಹಾಸಿನೆಳೆಗಳ (ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳ) ಮೇಲೆ ಹಾಯಿಸಿ, ಎರಡರ ಅಡಿಯಿಂದ ಹಿಂದಕ್ಕೆ ತಂದು ಸುತ್ತುತ್ತ ಹೋಗುವ ಕಸುಬು. ವ್ಯಾಪಾರಿಗಳು ಎಷ್ಟೋ ಚೀಲಗಳ ಮುಖವನ್ನಷ್ಟೇ ಕತ್ತರಿಸಿ ಮಾರಿಬಿಟ್ಟಿದ್ದಾರೆ. ನಿಮ್ಮದರಲ್ಲಿ ಬೆನ್ನು ಉಳಿದಿದ್ದರೆ ದಯವಿಟ್ಟು ಬಿಚ್ಚಬೇಡಿ.

ಮೊದಲು ಕಪ್ಪು, ಕಂದು ಗೆರೆಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಬ್ಬಿಣದ ಅಂಶ ಬೆರೆಸಿದ ಬಣ್ಣ ಉಣ್ಣೆಯನ್ನೇ ತಿನ್ನುವುದರಿಂದ ಅಲ್ಲಿ ತಗ್ಗುಗಳಿರುತ್ತವೆ. ಅಲ್ಲಿಗೆ ಬ್ರಶ್ ತಾಗಬಾರದು. ನೈಲಾನ್ ಸೊಳ್ಳೆಪರದೆ ಹೊದಿಸಿ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ಎಳೆತಕ್ಕಿಟ್ಟು ಎರಡೂ ಬದಿ ದೂಳು ತೆಗೆಯಿರಿ. ಒಗೆಯುವ ಯೋಚನೆ ಬಿಡಿ. 19ನೇ ಶತಮಾನದ ಕೊನೆಯಲ್ಲಿ ಬಂದ ರಾಸಾಯನಿಕ ಕೆಂಪು ನೀರು ಸೋಕಿದರೆ ಪಕ್ಕದ ಬಿಳಿ ಎಳೆಗೆ ಹರಡುತ್ತದೆ, ಮತ್ತೆ ಹೋಗುವುದಿಲ್ಲ.

ನುಸಿ ತಿಂದ ಗುರುತಿದ್ದರೆ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಪಾಲಿಥಿನ್ ಬಿಚ್ಚಬೇಡಿ, ಬಿಚ್ಚಿದರೆ ತೇವ ಉಣ್ಣೆಯ ಮೇಲೆ ಕೂರುತ್ತದೆ.

ತೂಗುಹಾಕಲು ಮೊಳೆ, ರಿಂಗು, ಕ್ಲಿಪ್ಪು ಬೇಡವೇ ಬೇಡ. ಭಾರವೆಲ್ಲ ನಾಲ್ಕಾರು ಕಡೆ ಮಾತ್ರ ಬಿದ್ದು ನಡುವೆ ನೇಯ್ಗೆ ಜೋಲುತ್ತದೆ, ಎಳೆ ಹರಿಯುವುದೂ ಅಲ್ಲೇ. 5 ಸೆಂ.ಮೀ. ಅಗಲದ, ಅಂಟಿಲ್ಲದ ವೆಲ್ಕ್ರೋ ತನ್ನಿ. 8 ಸೆಂ.ಮೀ. ಅಗಲದ ಹತ್ತಿ ಪಟ್ಟಿಯನ್ನು ಮೊದಲೇ ಒಗೆದು ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮುಂದೆ ಅದು ಕುಗ್ಗಿ ನೇಯ್ಗೆಯನ್ನೂ ಸುಕ್ಕಾಗಿಸುತ್ತದೆ. ವೆಲ್ಕ್ರೋದ ಮೆತ್ತನೆಯ ಭಾಗವನ್ನು ಪಟ್ಟಿಗೆ ಮಷೀನಿನಲ್ಲಿ ಹೊಲಿಯಿರಿ. ಪಟ್ಟಿಯನ್ನು ನೇಯ್ಗೆಯ ಹಿಂಬದಿಯ ಮೇಲಂಚಿಗೆ ಜೋಡಿಸುವುದು ಮಾತ್ರ ಕೈಯಲ್ಲೇ: ಮೊಂಡು ಮೊನೆಯ ಸೂಜಿ, ಹತ್ತಿ ದಾರ. ಸೂಜಿ ಎಳೆಗಳ ನಡುವೆ ತೂರಬೇಕು; ಎಳೆಗೇ ಚುಚ್ಚಿದರೆ ಹಳೆಯ ಉಣ್ಣೆ ಸೀಳುತ್ತದೆ. ಪ್ರತಿ ಹೊಲಿಗೆಯೂ ಕನಿಷ್ಠ ಎರಡು ಹಾಸಿನೆಳೆ ಹಿಡಿದಿರಲಿ. ದಾರ ಬಿಗಿದರೆ ಮುಂಬದಿಯಲ್ಲಿ ಗುಳಿ ಕಾಣುತ್ತದೆ.

ವೆಲ್ಕ್ರೋದ ಒರಟು ಭಾಗವನ್ನು ವಾರ್ನಿಷ್ ಬಳಿದು ಚೆನ್ನಾಗಿ ಒಣಗಿಸಿದ ಮರದ ಪಟ್ಟಿಗೆ ಸ್ಟೇಪಲ್ ಹೊಡೆದು, ಪಟ್ಟಿಯನ್ನು ಗೋಡೆಗೆ ಸ್ಕ್ರೂ ಮಾಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆ ಬಡಿಯುವ ಹೊರಗೋಡೆ ಬೇಡ, ಒಳಗೋಡೆಯೇ ಆಗಲಿ. ಬಿಸಿಲಂತೂ ಬೀಳಲೇಬಾರದು. ಆರು ತಿಂಗಳಿಗೊಮ್ಮೆ ಇಳಿಸಿ ಹಿಂಬದಿ ನೋಡಿ. ನುಸಿ ಮೊದಲು ಸೇರುವುದು ಕತ್ತಲೆಯಿರುವ ಆ ಕಡೆಗೇ.