ಗುಳ್ಳೆ ಸಿಕ್ಕಿದ್ದು ಹಾಳೆಯ ಮೇಲೆ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಚಿಕ್ಕ ಫೌಂಡ್ರಿ, ಲೋಹ ಕರಗಿಸಿ ಮರಳಿನ ಅಚ್ಚಿಗೆ ಎರಕ ಹೊಯ್ಯುವ ಕಾರ್ಖಾನೆ. ಪಂಪ್ ಕೇಸಿಂಗ್, ಅಂದರೆ ಪಂಪಿನ ಹೊರಕವಚ, ಮುಖ್ಯ ಮಾಲು. ಮಳೆಗಾಲದಲ್ಲಿ ಬ್ಲೋ ಹೋಲ್, ಅಂದರೆ ಎರಕದಲ್ಲಿ ಅನಿಲ ಸಿಕ್ಕಿಕೊಂಡು ಆಗುವ ಗುಳ್ಳೆ, ನಮಗೆ ಹೊಸತಲ್ಲ. ಆದರೆ ಆ ಜುಲೈನಲ್ಲಿ 100ಕ್ಕೆ 11–12 ಎರಕ ಮತ್ತೆ ಕುಲುಮೆಗೇ ಹೋದವು. ಮಷೀನಿಂಗ್ ಆದ ಮೇಲೆ ಗುಳ್ಳೆ ಕಂಡ ಗ್ರಾಹಕರು ಲೇತ್ ಕೂಲಿಯನ್ನೂ ಸೇರಿಸಿ ಹೆಚ್ಚುಕಡಿಮೆ ಒಂದೂವರೆ ಲಕ್ಷ ನಮ್ಮ ಲೆಕ್ಕಕ್ಕೆ ಹಾಕುವ ಡೆಬಿಟ್ ನೋಟ್ ಕಳಿಸಿದರು.

ಮೊದಲು ಮಾಡಿದ್ದೆಲ್ಲ ದಂಡ. ಅಚ್ಚಿಗೆ ಬಳಿಯುವ ದುಬಾರಿ ಕೋಟಿಂಗ್ ತರಿಸಿದೆ. ಅಚ್ಚಿನ ಮರಳಿನ ತೇವವನ್ನು ದಿನಕ್ಕೆ ನಾಲ್ಕು ಸಲ ಅಳೆಸಿದೆ. ಲೋಹದ ಬಿಸಿ ಏರಿಸಲು ಹೋಗಿ ಕರೆಂಟ್ ಬಿಲ್ ಏರಿಸಿಕೊಂಡೆ. 40 ಸಾವಿರ ಕರಗಿತು. ದೋಷಗಳನ್ನು ಹೆಚ್ಚಿನದರಿಂದ ಕಡಿಮೆಗೆ ಸಾಲಾಗಿಸುವ ಪರೇಟೊ ಚಾರ್ಟ್ ಬರೆದರೆ ಅದು ಬ್ಲೋ ಹೋಲ್ ಕಡೆಗೆ ಬೆರಳು ತೋರಿಸಿತು. ಅಷ್ಟು ನಮ್ಮ ಕಾವಲುಗಾರನಿಗೂ ಗೊತ್ತಿತ್ತು. ಕಾರಣಗಳನ್ನು ಕವಲು ಕವಲಾಗಿ ಬರೆಯುವ ಮೀನಿನ ಮೂಳೆ ನಕ್ಷೆಯಲ್ಲಿ ಒಬ್ಬೊಬ್ಬನೂ ಪಕ್ಕದವನ ವಿಭಾಗಕ್ಕೇ ಕಾರಣ ತುಂಬಿಸಿದ. ದೋಷ ಕಂಡಾಗಲೆಲ್ಲ ಗೀಟು ಹಾಕಬೇಕಾದ ಚೆಕ್ ಶೀಟಿನಲ್ಲಿ ಪಾಳಿ ಮುಗಿಯುವಾಗ ಅಂದಾಜಿನ ಗೀಟು ಎಳೆಯುತ್ತಿದ್ದರು. ವಾರಪೂರ್ತಿ ಒಂದೇ ಅಂಕಿ ಬಂದಾಗಲೇ ನನಗೆ ಅದು ತಿಳಿದದ್ದು.

ಕೊನೆಗೆ ಕೋಷ್ಟಕ ಬಿಟ್ಟು ಕೇಸಿಂಗ್‌ನ ಚಿತ್ರವನ್ನೇ ಜೆರಾಕ್ಸ್ ಮಾಡಿಸಿದೆ. ಗುಳ್ಳೆ ಎಲ್ಲಿದೆಯೋ ಅಲ್ಲೇ ಕೆಂಪು ಚುಕ್ಕೆ ಇಡಬೇಕು. “ಸಾಹೇಬರೆ, ಇನ್ನು ರಂಗೋಲಿ ಹಾಕಿಸುತ್ತೀರೇನು?” ಎಂದು ಹಿರಿಯ ಮೋಲ್ಡರ್ ನಕ್ಕರು. ಹತ್ತು ದಿನಕ್ಕೆ ಇನ್ನೂರರಷ್ಟು ಚುಕ್ಕೆ ಬಿದ್ದವು. ಬಹುಪಾಲು ಒಳಮೈಯಲ್ಲಿ, ಕೋರ್ (ಎರಕದ ಒಳಟೊಳ್ಳು ಮೂಡಿಸಲು ಅಚ್ಚಿನೊಳಗೆ ಇಡುವ ಮರಳಿನ ತುಂಡು) ತಾಗುವ ಮೇಲ್ಬದಿಗೆ. ಹೊರಮೈ ಬಹುತೇಕ ಖಾಲಿ. ತಿಂಗಳುಗಟ್ಟಲೆ ಬೈಸಿಕೊಂಡ ಅಚ್ಚಿನ ಮರಳು ನಿರಪರಾಧಿ!

ನಮ್ಮದು ಸೋಡಿಯಂ ಸಿಲಿಕೇಟ್ ಅಂಟು ಬೆರೆಸಿದ ಮರಳಿನ, ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಗಟ್ಟಿ ಮಾಡಿದ ಕೋರ್. ಮಾಡಿದ ದಿನಕ್ಕೊಂದು ಬಣ್ಣ ಬಳಿಸಿ ಲೆಕ್ಕ ಬೇರ್ಪಡಿಸಿದೆ. ಅಂದಿನ ಕೋರ್ ಅಂದೇ ಬಳಸಿದರೆ 100ಕ್ಕೆ ಎರಡೋ ಮೂರೋ ಕೆಟ್ಟವು. ಎರಡು ದಿನ ಹಳತಾದರೆ ಕಾಲು ಭಾಗ. ಇಟ್ಟಷ್ಟೂ ಕೋರ್ ಮಳೆಗಾಲದ ತೇವ ಹೀರುತ್ತದೆ, ಬಿಸಿ ಲೋಹ ತಾಗಿದಾಗ ಅದು ಆವಿಯಾಗಿ ಗುಳ್ಳೆ ಏಳುತ್ತದೆ. ವಾರದ ರಜೆಯ ಮರುದಿನ ಎರಕ ಏಕೆ ಹಾಳಾಗುತ್ತಿತ್ತು ಎಂಬುದೂ ಆಗಲೇ ಬಗೆಹರಿಯಿತು. ನಡುವೆ, ಎಷ್ಟು ನೀರು ಕುಡಿಯುತ್ತದೆ ನೋಡೋಣವೆಂದು ಅಡುಗೆಮನೆಯ ತಕ್ಕಡಿಯಲ್ಲಿ ಕೋರ್ ತೂಗಿದೆ. ಎತ್ತಿಡುವಾಗ ಅಂಚು ಉದುರಿ ತೂಕ ಇಳಿದೇ ಹೋಯಿತು. ಮನೆಯಲ್ಲಿ ಬೈಗುಳ ಬೇರೆ.

ಈಗ ಕೋರ್ ದಾಸ್ತಾನು ಮಾಡುವುದಿಲ್ಲ. ತುಂಡಿಗಿಷ್ಟು ಎಂದು ಕೂಲಿ ಪಡೆಯುವವರು ಒಪ್ಪಲಿಲ್ಲ, ದರ ಸ್ವಲ್ಪ ಏರಿಸಬೇಕಾಯಿತು. ತಪ್ಪಿ ಉಳಿದ ಕೋರ್‌ಗಳನ್ನು ಓವನ್ನಿನಲ್ಲಿ ಒಣಗಿಸುತ್ತೇವೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಮಾತ್ರ ಕೇಳಬೇಡಿ. ಆ ಅಳತೆಗಾಗಿ ನಾನು ಒಂದು ಗಾಡಿ ಕೋರ್ ಪುಡಿ ಮಾಡಿದ್ದೇನೆ. ಮರುವರ್ಷದ ಜುಲೈನಲ್ಲಿ ನಷ್ಟ 100ಕ್ಕೆ ನಾಲ್ಕರ ಆಸುಪಾಸಿಗೆ ಇಳಿಯಿತು.

ಉಳಿದ ಚುಕ್ಕೆಗಳು ಈಗ ಗೇಟಿನ, ಅಂದರೆ ಅಚ್ಚಿಗೆ ಲೋಹ ಒಳಹೋಗುವ ದಾರಿಯ, ಬಳಿ ಕೂಡುತ್ತಿವೆ. ಅದು ಅಚ್ಚಿನ ಮರಳಿನದೇ ತಪ್ಪು ಎನ್ನುತ್ತೇನೆ ನಾನು, ಮೋಲ್ಡರ್ ಒಪ್ಪುತ್ತಿಲ್ಲ.