ಅಲ್ಲಿ ಟಿಕೆಟ್ ಕೇಳಿಕೊಂಡು ಯಾರೂ ಬರುವುದಿಲ್ಲ

ಮಂಗಳೂರು-ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಾನು 26 ವರ್ಷ ಕಂಡಕ್ಟರ್ ಆಗಿದ್ದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟರೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಉಡುಪಿ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು, ಯಾರಿಗೆ ಎಷ್ಟು ಚಿಲ್ಲರೆ ಬಾಕಿ ಉಂಟು, ಎಲ್ಲ ತಲೆಯಲ್ಲೇ ಇರುತ್ತಿತ್ತು. ನಿದ್ದೆ ಹೋದವರನ್ನು ಎಬ್ಬಿಸಿ "ಅಕ್ಕ, ಉಚ್ಚಿಲ ಬಂತು" ಅನ್ನುವುದೂ ನನ್ನದೇ ಕೆಲಸ.

2025ರ ಆಗಸ್ಟ್ 28ಕ್ಕೆ ನಾನೂ ನನ್ನ ಹೆಂಡತಿಯೂ ಬರ್ಲಿನ್‌ನಲ್ಲಿ ಇಳಿದೆವು. ಮಗಳು ಅಲ್ಲಿ ನರ್ಸ್. ಅವಳಿಗೆ ಒಂದು ವಾರ ಬೆಳಗಿನ ಪಾಳಿ, ಒಂದು ವಾರ ರಾತ್ರಿ ಪಾಳಿ. ಹಾಗಾಗಿ ಒಂದು ತಿಂಗಳು ಹೆಚ್ಚಾಗಿ ನಾವಿಬ್ಬರೇ ತಿರುಗಾಡಿದ್ದು. ನಮ್ಮ ಕಡೆಯಿಂದ ನರ್ಸಿಂಗ್ ಕಲಿತು ಜರ್ಮನಿಗೆ ಹೋದ ಮಕ್ಕಳು ಈಗ ತುಂಬಾ ಜನ ಇದ್ದಾರೆ. ಅವರ ಅಪ್ಪ ಅಮ್ಮಂದಿರು ಒಂದಲ್ಲ ಒಂದು ದಿನ ಹೋಗುವವರೇ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಬರ್ಲಿನ್ ಸ್ಟೇಷನ್‌ಗಳಲ್ಲಿ ಗೇಟ್ ಇಲ್ಲ. ಮೆಟ್ಟಿಲು ಹತ್ತಿದರೆ ನೇರ ಪ್ಲಾಟ್‌ಫಾರಂ. ರೈಲು ಬಂದರೆ ಹತ್ತಿ ಕೂತುಬಿಡಬಹುದು. "ಟಿಕೆಟ್ ಟಿಕೆಟ್" ಅಂತ ಯಾರೂ ಬರುವುದಿಲ್ಲ. ಹಾಗಂತ ಟಿಕೆಟ್ ಬೇಡ ಅಂತ ಅಲ್ಲ. ಕಂಡಕ್ಟರ್ ಮಾಡುವ ಅಷ್ಟೂ ಕೆಲಸವನ್ನು ಪ್ರಯಾಣಿಕನೇ ಮಾಡಿಕೊಳ್ಳಬೇಕು. ಯಾವ ಟಿಕೆಟ್, ಎಲ್ಲಿಯವರೆಗೆ, ಎಷ್ಟು ಹೊತ್ತಿನವರೆಗೆ, ಎಲ್ಲ ನಾವೇ ನೋಡಿಕೊಳ್ಳಬೇಕು. ಇದು ನನಗೆ ಸರಿಯಾಗಿ ಅರ್ಥ ಆಗಿದ್ದು ಮೂರನೇ ದಿನ, ದಂಡ ಕಟ್ಟಿದ ಮೇಲೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ದುಡ್ಡಿನ ವಿಷಯ.

ಹೊರಡುವ ಮೂರು ವಾರ ಮೊದಲು ಹಂಪನಕಟ್ಟೆಯ ಸುತ್ತಮುತ್ತ ನಾಲ್ಕು ಮನಿ ಎಕ್ಸ್‌ಚೇಂಜ್‌ಗಳಲ್ಲಿ ವಿಚಾರಿಸಿದೆ. ಗಲ್ಫ್‌ಗೆ ಹೋಗಿ ಬರುವವರ ಊರು ನಮ್ಮದು. ದಿರ್ಹಮ್, ರಿಯಾಲ್ ಕೇಳಿದ ಕೂಡಲೇ ಕೈಗೆ ಬರುತ್ತದೆ. ಯೂರೋಗೆ, ಅದರಲ್ಲೂ ಸಣ್ಣ ನೋಟಿಗೆ, ಮೊದಲೇ ಹೇಳಿ ಇಡಬೇಕಾಯಿತು. ಬೋರ್ಡಿನಲ್ಲಿರುವ ರೇಟು ನೋಡಿ ತೀರ್ಮಾನ ಮಾಡಬೇಡಿ. "ನನಗೆ 500 ಯೂರೋ ಬೇಕು, ಟ್ಯಾಕ್ಸ್ ಎಲ್ಲ ಸೇರಿ ಒಟ್ಟು ಎಷ್ಟು ರೂಪಾಯಿ ಕೊಡಬೇಕು?" ಅಂತ ನಾಲ್ಕೂ ಕಡೆ ಒಂದೇ ಪ್ರಶ್ನೆ ಕೇಳಿ. ಆಗ ಯಾರದ್ದು ಕಡಿಮೆ ಅಂತ ಗೊತ್ತಾಗುತ್ತದೆ. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್, ಪಾನ್ ಕಾರ್ಡ್ ಕೇಳುತ್ತಾರೆ. 50,000 ರೂಪಾಯಿ ದಾಟಿದರೆ ನಗದು ಕೊಡುವ ಹಾಗಿಲ್ಲ, ಬ್ಯಾಂಕ್ ಖಾತೆಯಿಂದಲೇ ಕಳಿಸಬೇಕು. ನೋಟಿನ ರೂಪದಲ್ಲಿ ಒಬ್ಬರಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ನಷ್ಟು ಮಾತ್ರ ಅಂತ ನಿಯಮ ಉಂಟು. ನಮಗೆ ಅಷ್ಟೆಲ್ಲ ಬೇಕಾಗಲಿಲ್ಲ.

ನಾನು ನೋಟು 500 ಯೂರೋ ತೆಗೆದುಕೊಂಡೆ, 1,000 ಯೂರೋ ಫಾರೆಕ್ಸ್ ಕಾರ್ಡಿಗೆ ಹಾಕಿಸಿದೆ. ಈ ಕಾರ್ಡಿಗೆ ಆ ದಿನದ ರೇಟಿನಲ್ಲಿ ಯೂರೋ ತುಂಬುತ್ತಾರೆ. ಆಮೇಲೆ ಅಲ್ಲಿ ಯೂರೋದಲ್ಲಿ ಖರ್ಚು ಮಾಡಿದರೆ ಮತ್ತೆ ಪರಿವರ್ತನೆಯ ಶುಲ್ಕ ಬೀಳುವುದಿಲ್ಲ. ನಮ್ಮ ಮಾಮೂಲಿ ಬ್ಯಾಂಕ್ ಕಾರ್ಡನ್ನು ಹೊರದೇಶದಲ್ಲಿ ಉಜ್ಜಿದರೆ ಸಾಧಾರಣವಾಗಿ ನೂರಕ್ಕೆ 2ರಿಂದ 3.5ರಷ್ಟು ಜಾಸ್ತಿ ಹಿಡಿಯುತ್ತಾರೆ, ಅದರ ಮೇಲೆ ಜಿಎಸ್‌ಟಿ ಬೇರೆ. ಆದರೂ ಅದನ್ನು ಒಂದು ಆಪತ್ತಿಗೆ ಇಟ್ಟುಕೊಂಡೆ. 2020ರ ಅಕ್ಟೋಬರ್‌ನಲ್ಲಿ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳು ಮೊದಲಿಗೆ ದೇಶದ ಒಳಗೆ ಮಾತ್ರ ನಡೆಯುತ್ತವೆ. ಹೊರದೇಶಕ್ಕೆ ಬೇಕಾದರೆ ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು, ಎಷ್ಟರವರೆಗೆ ಅಂತ ಮಿತಿಯನ್ನೂ ಹಾಕಬಹುದು. ಇದನ್ನು ಮನೆಯಲ್ಲಿ ಕೂತೇ ಮುಗಿಸಿ. ಊರಿನ ಸಿಮ್ಮಿಗೆ ರೋಮಿಂಗನ್ನೂ ಹೊರಡುವ ಮೊದಲೇ ಹಾಕಿಸಿ. ಓಟಿಪಿ ಬರುವುದು ಅದಕ್ಕೇ, ಅಲ್ವಾ?

ಬಸ್ಸಿನಲ್ಲಿ ನನಗೊಂದು ಅಭ್ಯಾಸ ಇತ್ತು. ಮೂಲ್ಕಿ ದಾಟುವಷ್ಟರಲ್ಲಿ ದೊಡ್ಡ ನೋಟೆಲ್ಲ ಬ್ಯಾಗಿನ ಒಳಗಿನ ಜಿಪ್ಪಿಗೆ ಹೋಗಿ ಆಗುತ್ತಿತ್ತು. ಬೆರಳಿನ ಸಂದಿಯಲ್ಲಿ ಸಣ್ಣ ನೋಟು ಮಾತ್ರ. ಬರ್ಲಿನ್‌ನಲ್ಲೂ ಹಾಗೇ ಮಾಡಿದೆ. ಬೆಳಿಗ್ಗೆ ಹೊರಡುವಾಗ ಅಂಗಿಯ ಜೇಬಿಗೆ 30 ಯೂರೋ, ಎಲ್ಲ 5 ಮತ್ತು 10ರ ನೋಟು. ಫಾರೆಕ್ಸ್ ಕಾರ್ಡ್ ಸೊಂಟದ ಪಟ್ಟಿಯಲ್ಲಿ. ಉಳಿದ ನೋಟು ಮತ್ತು ಬ್ಯಾಂಕಿನ ಕಾರ್ಡ್ ಮನೆಯ ಕಪಾಟಿನಲ್ಲಿ. ಹೆಂಡತಿಯ ಪರ್ಸಿನಲ್ಲಿ ಬೇರೆಯೇ 20 ಯೂರೋ ಮತ್ತು ಮಗಳ ಮನೆಯ ವಿಳಾಸ ಬರೆದ ಚೀಟಿ. ಕೊಡಲು ಜೇಬಿನಿಂದ ದುಡ್ಡು ತೆಗೆದಾಗ ಪಕ್ಕದಲ್ಲಿದ್ದವನಿಗೆ ಕಾಣಬೇಕಾದದ್ದು ಅಷ್ಟೇ.

ಇನ್ನು ಟಿಕೆಟ್. ಬರ್ಲಿನ್ ಎ, ಬಿ, ಸಿ ಅಂತ ಮೂರು ವಲಯ. ಊರಿನ ನಡುಭಾಗ ಎ, ಅದರ ಸುತ್ತ ಬಿ. ವಿಮಾನ ನಿಲ್ದಾಣ ಸಿ. ಪಕ್ಕದ ಪಾಟ್ಸ್‌ಡಾಮ್ ಕೂಡ ಸಿ. ನಾವು ಹೋದ ವರ್ಷ ಎಬಿ ಟಿಕೆಟ್ 3.80 ಯೂರೋ, ಎಬಿಸಿ 4.70. ವಿಮಾನ ನಿಲ್ದಾಣದಿಂದ ಎಬಿ ಟಿಕೆಟ್ ತೆಗೆದು ಹತ್ತಿದರೆ ಅದು ಟಿಕೆಟ್ ಇಲ್ಲದ ಹಾಗೇ. ಹೆಜಮಾಡಿವರೆಗೆ ಟಿಕೆಟ್ ತೆಗೆದವನು ಕಾಪುವಿನಲ್ಲಿ ಇಳಿದರೆ ನಾನು ಹೆಚ್ಚಿನ ದುಡ್ಡು ಕೇಳಿ ಪಡೆಯುತ್ತಿದ್ದೆ. ಅಲ್ಲಿ ಕೇಳುವುದಿಲ್ಲ, ದಂಡವೇ. ಒಂದು ಟಿಕೆಟ್ ಎರಡು ಗಂಟೆ ನಡೆಯುತ್ತದೆ. ಅಷ್ಟರೊಳಗೆ ರೈಲು ಬಿಟ್ಟು ಬಸ್, ಬಸ್ ಬಿಟ್ಟು ಟ್ರಾಮ್ ಹತ್ತಬಹುದು. ಆದರೆ ಒಂದೇ ದಿಕ್ಕಿಗೆ. ಅದೇ ಟಿಕೆಟಿನಲ್ಲಿ ತಿರುಗಿ ಬರುವ ಹಾಗಿಲ್ಲ.

ಮೊದಲ ದಿನ ಮಗಳೇ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಟಿಕೆಟ್ ತೆಗೆದದ್ದೂ ಅವಳೇ. ನಾವು ಸಾಮಾನು ಎಳೆದುಕೊಂಡು ಹಿಂದೆ ಹೋದೆವು. ಪ್ಲಾಟ್‌ಫಾರಂನಲ್ಲಿ ಕಂಬದ ಹಾಗೆ ನಿಂತ ಒಂದು ಸಣ್ಣ ಪೆಟ್ಟಿಗೆಗೆ ಅವಳು ಮೂರೂ ಟಿಕೆಟ್ ತೂರಿಸಿ ತೆಗೆದದ್ದನ್ನು ನಾನು ಗಮನಿಸಲೇ ಇಲ್ಲ.

ಮೂರನೇ ದಿನ, ಶನಿವಾರ, ನಾನೊಬ್ಬನೇ ತರಕಾರಿಗೆ ಹೊರಟೆ. ತರಕಾರಿಗೆ ಅಂತ ಆ ದಿನ ಒಂದು 50ರ ನೋಟನ್ನೂ ಹಿಡಿದಿದ್ದೆ. ಅದನ್ನು ಮಿಷನ್ನಿಗೆ ಹಾಕಿದರೆ ತಿರುಗಿ ಹೊರಗೆ ಬಂತು. 3.80ಕ್ಕೆ ದೊಡ್ಡ ನೋಟು ಅದು ತೆಗೆದುಕೊಳ್ಳುವುದಿಲ್ಲ. ಬೆಳಗ್ಗಿನ ಮೊದಲ ಟ್ರಿಪ್ಪಿನಲ್ಲಿ 500ರ ನೋಟು ಹಿಡಿದವರಿಗೆ ನಾನು ಹೇಳುತ್ತಿದ್ದ ಮಾತೇ ಅದು. 5ರ ನೋಟು ಹಾಕಿದೆ, ಟಿಕೆಟ್ ಮತ್ತು 1.20 ಚಿಲ್ಲರೆ ಬಂತು. ಟಿಕೆಟನ್ನು ಜೋಪಾನವಾಗಿ ಮಡಚಿ ಜೇಬಿಗೆ ಹಾಕಿ ರೈಲು ಹತ್ತಿದೆ.

ಎರಡು ಸ್ಟೇಷನ್ ಆದ ಮೇಲೆ ಸಾದಾ ಬಟ್ಟೆಯ ಇಬ್ಬರು ಎದ್ದು ನಿಂತರು. ಅವರು ಅಲ್ಲಿಯವರೆಗೆ ಪ್ರಯಾಣಿಕರ ಹಾಗೇ ಇದ್ದರು. ಬಾಗಿಲು ಮುಚ್ಚಿದ ಕೂಡಲೇ "ಫಾರ್‌ಕಾರ್ಟೆನ್, ಬಿಟೆ" ಅಂದರು. ಟಿಕೆಟ್ ತೋರಿಸಿ ಅಂತ ಅರ್ಥ. ನಾನು ಧೈರ್ಯದಲ್ಲೇ ತೋರಿಸಿದೆ. ಆತ ಹಿಂದೆ ಮುಂದೆ ತಿರುಗಿಸಿ ನೋಡಿ, ಖಾಲಿ ಜಾಗದ ಮೇಲೆ ಬೆರಳಿಟ್ಟ. ಅಲ್ಲಿ ತಾರೀಕು, ಸಮಯದ ಮುದ್ರೆ ಇರಬೇಕಿತ್ತು. ಆ ಸಣ್ಣ ಪೆಟ್ಟಿಗೆ ಹೊಡೆಯುವುದು ಅದನ್ನೇ. ಮುದ್ರೆ ಇಲ್ಲದ ಟಿಕೆಟನ್ನು ನಾಳೆಯೂ ತೋರಿಸಬಹುದು, ನಾಡಿದ್ದೂ ತೋರಿಸಬಹುದು. ಹಾಗಾಗಿ ಅವರ ಲೆಕ್ಕಕ್ಕೆ ಅದು ಬರೀ ಕಾಗದ. ದಂಡ 60 ಯೂರೋ, ನಮ್ಮ ದುಡ್ಡಿನಲ್ಲಿ 6,000 ರೂಪಾಯಿಗೂ ಮೇಲೆ.

ಅಲ್ಲೇ ಕಾರ್ಡಿನಲ್ಲಿ ಕಟ್ಟಿದೆ. ದುಡ್ಡು ಹೋದದ್ದಕ್ಕಿಂತ ಮನಸ್ಸಿಗೆ ನೋವಾದದ್ದು ಬೇರೆ ಕಾರಣಕ್ಕೆ. 26 ವರ್ಷದಲ್ಲಿ ಎಷ್ಟೋ ಜನರ ಟಿಕೆಟ್ ನೋಡಿದ ಕೈ ಇದು. ಟಿಕೆಟ್ ಇಲ್ಲದವರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತಲ್ಲ ಅಂತ ಆ ದಿನ ಊಟ ಸೇರಲಿಲ್ಲ. ಆದರೆ ಆತನ ಮೇಲೆ ನನಗೆ ಸಿಟ್ಟಿಲ್ಲ. ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಎಲ್ಲ ಊರಿನಲ್ಲೂ ಮುದ್ರೆ ಬೇಕು ಅಂತಲೂ ಇಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಮಿಷನ್ನಿನಿಂದ ಬರುವ ಟಿಕೆಟಿನಲ್ಲೇ ಸಮಯ ಅಚ್ಚಾಗಿರುತ್ತದೆ. ಹಾಗಾಗಿ ಹೊಸ ಊರಿಗೆ ಹೋದರೆ ನಾನು ಮೊದಲು ನೋಡುವುದು ಟಿಕೆಟಿನ ಮೇಲೆ ತಾರೀಕು, ಗಂಟೆ ಉಂಟಾ ಇಲ್ವಾ ಅಂತ. ಇಲ್ಲದಿದ್ದರೆ ಪೆಟ್ಟಿಗೆ ಹುಡುಕಬೇಕು. ತೂರಿಸಿದಾಗ ಟಕ್ ಅಂತ ಸದ್ದಾಗುತ್ತದೆ. ಸದ್ದು ಕೇಳಿದರೆ ಸಾಲದು, ಹೊರಗೆ ತೆಗೆದು ಮುದ್ರೆ ಬಿದ್ದಿದೆಯಾ ಅಂತ ಕಣ್ಣಾರೆ ನೋಡಿ.

ಸೆಪ್ಟೆಂಬರ್ ಒಂದರಿಂದ ಈ ಚಿಂತೆ ಹೋಯಿತು. ಮಗಳು ಇಬ್ಬರಿಗೂ ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿದಳು. ಇದು 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ತಿಂಗಳ ಪಾಸ್. 2025ರಲ್ಲಿ 58 ಆಗಿತ್ತು, 2026ರಲ್ಲಿ 63 ಆಯಿತು. ಇಡೀ ಜರ್ಮನಿಯ ಸಿಟಿ ಬಸ್, ಟ್ರಾಮ್, ಮೆಟ್ರೋ ಮತ್ತು ಊರಿಂದೂರಿಗೆ ಹೋಗುವ ಪ್ಯಾಸೆಂಜರ್ ರೈಲುಗಳಿಗೆ ಇದೊಂದೇ ಸಾಕು. ಐಸಿಇ, ಐಸಿ ಅಂತ ಬರೆದ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಪಾಸಿನಲ್ಲಿ ಹೆಸರು ಇರುತ್ತದೆ, ಜೊತೆಗೆ ಪಾಸ್‌ಪೋರ್ಟ್ ಇಟ್ಟುಕೊಳ್ಳಬೇಕು. ಲೆಕ್ಕ ತಾರೀಕು ಒಂದರಿಂದ ತಿಂಗಳ ಕೊನೆಯವರೆಗೆ. "ಅಪ್ಪ, ನಾಲ್ಕು ದಿನಕ್ಕೆ ಆಗಸ್ಟಿನ ಪಾಸ್ ಬೇಡ, ಅಲ್ಲಿಯವರೆಗೆ ಬಿಡಿ ಟಿಕೆಟ್ ತೆಗೀರಿ" ಅಂತ ಅವಳು ಹೇಳಿದ್ದು ಇದಕ್ಕೇ. ಇನ್ನೊಂದು ಮುಖ್ಯ ವಿಷಯ. ಇದು ತಾನಾಗಿ ಮುಂದುವರಿಯುವ ಚಂದಾ. ಯಾವ ತಿಂಗಳು ನಿಲ್ಲಿಸಬೇಕೋ ಆ ತಿಂಗಳ 10ರೊಳಗೆ ಬೇಡ ಅಂತ ಹೇಳದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. ನಾವು ಸೆಪ್ಟೆಂಬರ್ 3ಕ್ಕೇ ಹೇಳಿಬಿಟ್ಟೆವು. ಪಾಸ್ ಮಾತ್ರ ತಿಂಗಳ ಕೊನೆಯವರೆಗೂ ನಡೆಯಿತು.

ವೇಗದ ರೈಲಿನಲ್ಲಿ ಒಮ್ಮೆ ಮ್ಯೂನಿಕ್‌ಗೆ ಹೋಗಿ ಬಂದೆವು, ಸುಮಾರು ನಾಲ್ಕು ಗಂಟೆಯ ದಾರಿ. ಕಡಿಮೆ ಬೆಲೆಯ ಟಿಕೆಟ್ ತೆಗೆದರೆ ಅದೇ ದಿನದ ಅದೇ ರೈಲಿಗೆ ಹೋಗಬೇಕು. ಸೀಟು ಬೇಕಾದರೆ ಬೇರೆ ದುಡ್ಡು ಕೊಟ್ಟು ಕಾದಿರಿಸಬೇಕು. ಟಿಕೆಟ್ ಇದ್ದರೆ ಸೀಟು ಇದೆ ಅಂತ ಅಲ್ಲ. ರೈಲು ಒಂದು ಗಂಟೆ ತಡವಾಗಿ ಮುಟ್ಟಿದರೆ ಟಿಕೆಟ್ ದುಡ್ಡಿನ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳಬಹುದು. ನಮ್ಮದು ಸಮಯಕ್ಕೇ ಮುಟ್ಟಿತು.

ಎಟಿಎಂನಲ್ಲಿ ಒಂದು ಜಾಗ್ರತೆ ಬೇಕು. 100 ಯೂರೋ ತೆಗೆಯಲು ಕಾರ್ಡ್ ಹಾಕಿದೆ. ಆಗ ಯೂರೋಗೆ 103 ರೂಪಾಯಿ ಆಸುಪಾಸು. ಪರದೆ ಮೇಲೆ ರೂಪಾಯಿಯಲ್ಲಿ 11,400 ಅಂತ ತೋರಿಸಿ, ಒಪ್ಪಿಗೆಯಾ ಅಂತ ಕೇಳಿತು. ಒಪ್ಪಿದ್ದರೆ ಸಾವಿರಕ್ಕೂ ಜಾಸ್ತಿ ಸುಮ್ನೆ ಹೋಗುತ್ತಿತ್ತು. ಪರಿವರ್ತನೆ ಬೇಡ ಅನ್ನುವ ಬಟನ್ ಒತ್ತಬೇಕು. ಅದನ್ನು ಒತ್ತಿದರೆ ದುಡ್ಡೇ ಬರಲಿಕ್ಕಿಲ್ಲ ಅಂತ ಹೆದರಿಕೆ ಆಗುತ್ತದೆ. ಹಾಗೇನೂ ಆಗುವುದಿಲ್ಲ, ಯೂರೋ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಅಂಗಡಿಯ ಕಾರ್ಡ್ ಮಿಷನ್ನಿನಲ್ಲೂ ರೂಪಾಯಿಯಾ ಯೂರೋವಾ ಅಂತ ಕೇಳಿದರೆ ಯಾವಾಗಲೂ ಯೂರೋ ಅನ್ನಿ.

ಜರ್ಮನಿಯಲ್ಲಿ ಎಲ್ಲ ಕಾರ್ಡಿನಲ್ಲೇ ನಡೆಯುತ್ತದೆ ಅಂತ ಇಲ್ಲಿ ಹಲವರು ಹೇಳಿದ್ದರು. ಬರ್ಲಿನ್ ಸಿಟಿ ಬಸ್ಸಿಗೆ ಆ ಮಾತು ಸರಿ, ಡ್ರೈವರ್ ನಗದು ಮುಟ್ಟುವುದಿಲ್ಲ. ಆದರೆ ಮಗಳ ಮನೆಯ ಕೆಳಗಿನ ಬೇಕರಿಗೆ, ಸಂತೆಯ ತರಕಾರಿಗೆ ನಗದೇ ಬೇಕಾಯಿತು. ಸ್ಟೇಷನ್ನಿನ ಶೌಚಾಲಯಕ್ಕೆ ಒಂದು ಯೂರೋ ನಾಣ್ಯ. ಸೂಪರ್ ಮಾರ್ಕೆಟ್ಟಿನ ಗಾಡಿಯನ್ನು ಸರಪಳಿಯಿಂದ ಬಿಡಿಸಲೂ ನಾಣ್ಯ ಹಾಕಬೇಕು, ಗಾಡಿ ಅಲ್ಲೇ ತಂದಿಟ್ಟರೆ ಅದು ವಾಪಸ್. ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಹಿಡಿಯುತ್ತಾರೆ. ಖಾಲಿ ಬಾಟಲಿಯನ್ನು ಮಾರ್ಕೆಟ್ಟಿನ ಮಿಷನ್ನಿಗೆ ಹಾಕಿದರೆ ಚೀಟಿ ಬರುತ್ತದೆ, ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ನನ್ನ ಹೆಂಡತಿ ಒಂದು ಬಾಟಲಿಯನ್ನೂ ಬಿಸಾಡಲು ಬಿಡಲಿಲ್ಲ.

ನಾಣ್ಯ ಗುರುತಿಸಲು ನಾನು ಬೆರಳಿಗೇ ಕಲಿಸಿದೆ. ಹಳೇ ಅಭ್ಯಾಸ. ಒಂದು ಯೂರೋ ನಮ್ಮ 10 ರೂಪಾಯಿ ನಾಣ್ಯದ ಬಣ್ಣ, ನಡುವೆ ಬೆಳ್ಳಿ, ಸುತ್ತ ಚಿನ್ನ. ಎರಡು ಯೂರೋ ನಮ್ಮ 20 ರೂಪಾಯಿಯ ಹಾಗೆ, ನಡುವೆ ಚಿನ್ನ, ಸುತ್ತ ಬೆಳ್ಳಿ. 20 ಸೆಂಟಿನ ಅಂಚಿನಲ್ಲಿ ಏಳು ಕಚ್ಚು ಉಂಟು, ಉಗುರು ತಾಗಿದರೆ ತಿಳಿಯುತ್ತದೆ. ತಾಮ್ರದ ಬಣ್ಣದವು 1, 2, 5 ಸೆಂಟ್. ಮೊದಲ ರಾತ್ರಿ ಊಟ ಆದ ಮೇಲೆ ಮೇಜಿನ ಮೇಲೆ ಎಲ್ಲ ಹರಡಿ, ಕಣ್ಣು ಮುಚ್ಚಿ ಒಂದೊಂದೇ ಮುಟ್ಟಿ ಹೇಳಿದೆ. ಹೆಂಡತಿಗೂ ಮಾಡಿಸಿದೆ. ನಾಲ್ಕು ದಿನದಲ್ಲಿ ಅವಳು ಬೇಕರಿಯಲ್ಲಿ ನನಗಿಂತ ಬೇಗ ಚಿಲ್ಲರೆ ಎಣಿಸಿ ಕೊಡುತ್ತಿದ್ದಳು. ಅಲ್ಲಿನ ಹೆಂಗಸು ನಗುತ್ತಾ ಡಾಂಕೆ, ಅಂದರೆ ಥ್ಯಾಂಕ್ಸ್, ಅನ್ನುತ್ತಿದ್ದಳು.

ತಿರುಗಿ ಬರುವಾಗ ನೋಟು 85 ಯೂರೋ ಉಳಿದಿತ್ತು. ಮಂಗಳೂರಿನಲ್ಲಿ ನೋಟು ಕೊಟ್ಟು ರೂಪಾಯಿ ಪಡೆದೆ. 2,000 ಡಾಲರಿನವರೆಗೆ ಮನೆಯಲ್ಲೇ ಇಟ್ಟುಕೊಳ್ಳಲು ಬಿಡುತ್ತಾರೆ, ಅದಕ್ಕಿಂತ ಜಾಸ್ತಿ ಇದ್ದರೆ 180 ದಿನದೊಳಗೆ ಕೊಡಬೇಕು. ನಾನು ಕೇಳಿದ ಕಡೆ ನಾಣ್ಯ ಯಾರೂ ತೆಗೆದುಕೊಳ್ಳಲಿಲ್ಲ. ಅದು ಮೊದಲೇ ಗೊತ್ತಿದ್ದುದರಿಂದ ಹೊರಡುವ ಬೆಳಿಗ್ಗೆ ಚಿಲ್ಲರೆಯನ್ನೆಲ್ಲ ಮಗಳ ಕೈಗೆ ಎಣಿಸಿ ಕೊಟ್ಟಿದ್ದೆ, 7 ಯೂರೋ 40 ಸೆಂಟ್. ಫಾರೆಕ್ಸ್ ಕಾರ್ಡಿನಲ್ಲಿ ಇನ್ನೂ 112 ಯೂರೋ ಉಂಟು. ಅದನ್ನು ತೆಗೆದಿಲ್ಲ. ಮಗಳಿಗೆ ಹೆರಿಗೆ ಆಗುವ ಹೊತ್ತಿಗೆ ಮತ್ತೆ ಹೋಗಬೇಕು.